ದಮ್ಮು ಮರಳಿದೆ, ಕಾಲು ಇನ್ನೂ ಮರಳಿಲ್ಲ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೀಗ 46 ವರ್ಷ. ಕಾಲೇಜಿನಿಂದ ಹಿಡಿದು 33ರವರೆಗೆ ರಸ್ತೆ ಓಟದ ಸ್ಪರ್ಧೆಗಳಲ್ಲಿ ಓಡುತ್ತಿದ್ದೆ. 10 ಕಿ.ಮೀ. ಓಟದಲ್ಲಿ ನನ್ನ ಅತ್ಯುತ್ತಮ ಸಮಯ 39 ನಿಮಿಷ 40 ಸೆಕೆಂಡು, ಅದು 28ನೇ ವಯಸ್ಸಿನಲ್ಲಿ. ಆಮೇಲೆ ಕೆಲಸ, ಮಕ್ಕಳು ಅಂತ ಬಿಟ್ಟು 13 ವರ್ಷ ಆಯಿತು. ತೂಕ 70ರಿಂದ 81 ಕಿಲೋಗೆ ಬಂದಿದೆ. ಇನ್ನು 16 ವಾರಕ್ಕೆ ನಡೆಯುವ 10 ಕಿ.ಮೀ. ಓಟವೊಂದಕ್ಕೆ ಹೆಸರು ಕೊಟ್ಟಿದ್ದೇನೆ. ಹಳೆಯ ಡೈರಿಯಲ್ಲಿದ್ದ ತರಬೇತಿ ಪಟ್ಟಿಯನ್ನೇ ಹಿಡಿದು ಮೂರು ವಾರದಿಂದ ಓಡುತ್ತಿದ್ದೇನೆ: ವಾರಕ್ಕೆ ಐದು ದಿನ, ದಿನಕ್ಕೆ 6 ಕಿ.ಮೀ. ಮೊದಲ ವಾರ ವಿಪರೀತ ಏದುಸಿರು ಬಂತು. ಈಗ ಉಸಿರು ಹಗುರವಾಗಿದೆ, ಆದರೆ ಎಡ ಕಣಕಾಲಿನ, ಅಂದರೆ ಮಂಡಿಗೂ ಪಾದಕ್ಕೂ ನಡುವಿನ ಮೂಳೆಯ, ಒಳಮಗ್ಗುಲಲ್ಲಿ ನೋವು. ಓಟ ಶುರುಮಾಡುವಾಗ ಇರುತ್ತದೆ, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಹಾಜರು. 'ಲ್ಯಾಕ್ಟಿಕ್ ಆಸಿಡ್ ಅಷ್ಟೇ, ಓಡಿದರೆ ಹೋಗುತ್ತೆ' ಅಂತ ಗೆಳೆಯರು ಹೇಳುತ್ತಾರೆ. 'ಈ ವಯಸ್ಸಲ್ಲಿ ಮಂಡಿ ಸವೆಸಿಕೊಳ್ಳಬೇಡಿ' ಅಂತ ಹೆಂಡತಿ. ನಮ್ಮ ತಂದೆಗೆ 53ರಲ್ಲಿ ಹೃದಯಾಘಾತ ಆಗಿತ್ತು, ಆ ಅಳುಕೂ ಇದೆ. ಹಳೆಯ ರೇಸಿಂಗ್ ಶೂ ಡಬ್ಬಿಯಲ್ಲಿ ಹಾಗೇ ಇದೆ. ಅದನ್ನೇ ಹಾಕಲೇ, ಇಲ್ಲ ತಳದೊಳಗೆ ಗಡುಸು ಹಾಳೆ ಇರುವ ಕಾರ್ಬನ್ ಪ್ಲೇಟ್ ಶೂ ಕೊಳ್ಳಲೇ? 45 ನಿಮಿಷದೊಳಗೆ ಮುಗಿಸುವ ಆಸೆ. ಆದೀತೇ?

ಉತ್ತರ: ಆ 10 ಕಿ.ಮೀ. ಓಟ ನಿಮ್ಮ ಕೈಮೀರಿದ್ದಲ್ಲ. 16 ವಾರ ಧಾರಾಳವಾಗಿ ಸಾಕು. ಆದರೆ ಹಳೆಯ ಡೈರಿಯ ಪಟ್ಟಿಯನ್ನು ಇವತ್ತೇ ಮುಚ್ಚಿಡಿ, ಕಣಕಾಲಿನ ನೋವಿನ ಮೇಲೆ ಇನ್ನೊಂದು ಹೆಜ್ಜೆಯೂ ಓಡಬೇಡಿ. ಹೃದಯದ ವಿಷಯದಲ್ಲಿ ನಿಮ್ಮ ಅಳುಕು ಸರಿಯಾದದ್ದೇ, ಅದನ್ನು ತಪಾಸಣೆಯಿಂದಲೇ ಬಗೆಹರಿಸಿಕೊಳ್ಳಬೇಕು. ಮಂಡಿಯ ಭಯವನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು. 45 ನಿಮಿಷದ ಮಾತನ್ನು ಕೊನೆಯಲ್ಲಿ ಆಡೋಣ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಎರಡು ಸಂಗತಿ: ಮೂರನೇ ವಾರಕ್ಕೆ ಉಸಿರು ಹಗುರಾಯಿತು, ಮೂರನೇ ವಾರಕ್ಕೇ ಕಾಲು ನೋಯತೊಡಗಿತು. ಇದು ಕಾಕತಾಳೀಯವಲ್ಲ. ಹಿಂದೆ ಸ್ಪರ್ಧೆಗಳಲ್ಲಿ ಓಡಿ, ವರ್ಷಗಟ್ಟಲೆ ಬಿಟ್ಟು, ಮತ್ತೆ ಶುರುಮಾಡಿದವರಲ್ಲಿ ಪದೇ ಪದೇ ಕಾಣುವ ಚಿತ್ರ ಇದು. ಎಂದೂ ಓಡದವರಿಗೆ ಮೊದಲು ದಮ್ಮು ಕೈಕೊಡುತ್ತದೆ. ಹಾಗಾಗಿ ಮೂಳೆಗೆ ಪೆಟ್ಟಾಗುವಷ್ಟು ಅವರು ಓಡುವುದೇ ಇಲ್ಲ. ನಿಮ್ಮಂಥವರಿಗೆ ಓಟದ ಲಯ ಗೊತ್ತು, ಕಷ್ಟ ಸಹಿಸುವುದೂ ಗೊತ್ತು, ದಮ್ಮು ಬೇಗ ಬರುತ್ತದೆ. ನಿಲ್ಲಿಸು ಎಂದು ಹೇಳುವುದಕ್ಕೆ ಒಳಗೆ ಯಾರೂ ಇರುವುದಿಲ್ಲ, ಕಾಲು ಹೇಳುವವರೆಗೆ.

ದಮ್ಮು ಬೇಗ, ಮೂಳೆ ತಡ ಏಕೆ

ತರಬೇತಿ ನಿಂತ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಕಡಿಮೆಯಾಗತೊಡಗುತ್ತದೆ. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಇಳಿಯುತ್ತದೆ. ಚೆನ್ನಾಗಿ ಪಳಗಿದ ಕ್ರೀಡಾಪಟುಗಳ ತರಬೇತಿ ನಿಲ್ಲಿಸಿ 1980ರ ದಶಕದಲ್ಲಿ ಅಳೆದಾಗ, ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ 3 ವಾರಕ್ಕೆ ಶೇ 7, 12 ವಾರಕ್ಕೆ ಶೇ 16 ಇಳಿದಿತ್ತು. ಇದರ ಮೇಲೆ ವಯಸ್ಸಿನ ಇಳಿಕೆ ಬೇರೆ: ವ್ಯಾಯಾಮವಿಲ್ಲದವರಲ್ಲಿ ಹತ್ತು ವರ್ಷಕ್ಕೆ ಸುಮಾರು ಶೇ 10, ಬಿಡದೆ ಓಡುತ್ತಿರುವವರಲ್ಲಿ ಅದರ ಅರ್ಧದಷ್ಟು.

ಮೊದಲು ಕಳೆದುಹೋಗುವ ಈ ಪ್ಲಾಸ್ಮಾವೇ ಮೊದಲು ಮರಳಿ ಬರುವುದೂ ಹೌದು. ಓಟ ಶುರುವಾದ ಒಂದೆರಡು ವಾರದಲ್ಲಿ ಅದು ಏರುತ್ತದೆ. ಅದೇ ಓಟಕ್ಕೆ ಹೃದಯ ಕಡಿಮೆ ಬಡಿಯುತ್ತದೆ, ಏದುಸಿರು ನಿಲ್ಲುತ್ತದೆ. ನಿಮಗೆ ಆದದ್ದು ಇದು. ಫಾರ್ಮ್ ಪೂರ್ತಿ ಮರಳಿತು ಎಂದು ಇದರ ಅರ್ಥವಲ್ಲ.

ಮೂಳೆಯ ಲೆಕ್ಕ ಬೇರೆ. ಹೊಸ ಭಾರ ಬಿದ್ದಾಗ ಮೂಳೆ ತನ್ನನ್ನು ತಾನೇ ಮರುಕಟ್ಟಿಕೊಳ್ಳುತ್ತದೆ; ಆದರೆ ಮೊದಲು ಹಳೆಯದನ್ನು ಒಡೆದು, ಆಮೇಲೆ ಹೊಸದನ್ನು ತುಂಬುತ್ತದೆ. ಒಡೆಯುವ ಕೆಲಸ ಎರಡು ಮೂರು ವಾರದ್ದು. ತುಂಬಿ ಗಟ್ಟಿಯಾಗಲು ಮೂರು ತಿಂಗಳಾದರೂ ಬೇಕು. ಗೋಡೆಯ ಸಡಿಲ ಕಲ್ಲುಗಳನ್ನು ಕಿತ್ತಾಗಿದೆ, ಹೊಸ ಕಲ್ಲು ಇನ್ನೂ ಕೂತಿಲ್ಲ ಎನ್ನುವ ಸ್ಥಿತಿ ಸರಿಯಾಗಿ ಮೂರನೇ, ನಾಲ್ಕನೇ ವಾರಕ್ಕೆ ಬರುತ್ತದೆ. ನಿಮ್ಮ ಕಣಕಾಲಿನ ಮೂಳೆ ಈಗ ನೀವು ಓಟ ಶುರುಮಾಡಿದ ದಿನಕ್ಕಿಂತ ಬಲಹೀನವಾಗಿರುವ ಸಾಧ್ಯತೆ ಇದೆ. ಅದರ ಮೇಲೆ ವಾರಕ್ಕೆ 30 ಕಿ.ಮೀ. ಬೀಳುತ್ತಿದೆ, ಶೂನ್ಯದಿಂದ ಒಂದೇ ನೆಗೆತಕ್ಕೆ.

ತೂಕವನ್ನೂ ಲೆಕ್ಕಕ್ಕೆ ತನ್ನಿ. ಓಟದ ಪ್ರತಿ ಹೆಜ್ಜೆಯಲ್ಲಿ ನೆಲ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಬಲದಿಂದ ತಿರುಗಿ ಒತ್ತುತ್ತದೆ. ಹೆಚ್ಚಿರುವ 11 ಕಿಲೋ ಪ್ರತಿ ಹೆಜ್ಜೆಗೆ 27 ಕಿಲೋ ಆಗಿ ಇಳಿಯುತ್ತದೆ. 10 ಕಿ.ಮೀ.ಗೆ ಒಂಬತ್ತು ಸಾವಿರದಷ್ಟು ಹೆಜ್ಜೆ. ಆ ಡೈರಿಯ ಪಟ್ಟಿ 70 ಕಿಲೋ ತೂಗುತ್ತಿದ್ದ, ಹತ್ತು ವರ್ಷ ಬಿಡದೆ ಓಡಿದ್ದ ಕಾಲಿಗೆ ಬರೆದದ್ದು.

ಮೊದಲು ಆ ಕಣಕಾಲು

ಲ್ಯಾಕ್ಟಿಕ್ ಆಸಿಡ್ ಎನ್ನುವ ಮಾತನ್ನು ಕೈಬಿಡಿ. ಓಟದಲ್ಲಿ ಉಂಟಾದ ಲ್ಯಾಕ್ಟೇಟ್ ಒಂದು ತಾಸಿನ ಆಚೀಚೆ ರಕ್ತದಿಂದ ತೆರವಾಗಿಬಿಡುತ್ತದೆ. ಮರುದಿನ ಬೆಳಗಿನ ನೋವಿಗೂ ಅದಕ್ಕೂ ಸಂಬಂಧವಿಲ್ಲ. ಹೊಸ ಶ್ರಮದಿಂದ ಬರುವ ಸಾಮಾನ್ಯ ಮೈಕೈನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಗಾಸಿ. ಅದು ಎರಡೂ ಕಾಲಿಗೆ ಬರುತ್ತದೆ, ಎರಡನೇ ದಿನ ಜಾಸ್ತಿಯಾಗಿ ನಾಲ್ಕನೇ ದಿನಕ್ಕೆ ಹೋಗುತ್ತದೆ. ನಿಮ್ಮದು ಒಂದೇ ಕಾಲು, ಅದೂ ಮೂಳೆಯ ಅಂಚು.

ಕುರ್ಚಿಯಲ್ಲಿ ಕೂತು ಎಡಗಾಲನ್ನು ಬಲತೊಡೆಯ ಮೇಲಿಟ್ಟುಕೊಳ್ಳಿ. ಹೆಬ್ಬೆರಳಿನಿಂದ ಪಾದದ ಕೀಲಿನ ಒಳಗಂಟಿನ ಮೇಲಿಂದ ಶುರುಮಾಡಿ, ಮೂಳೆಯ ಒಳ ಅಂಚನ್ನೇ ಹಿಡಿದು, ಒಂದೊಂದು ಬೆರಳಗಲ ಒತ್ತುತ್ತಾ ಮಂಡಿಯ ಕಡೆಗೆ ಹೋಗಿ. ನಾಲ್ಕೈದು ಬೆರಳಗಲ ಅಥವಾ ಇನ್ನೂ ಉದ್ದಕ್ಕೆ ಹರಡಿದಂತೆ ನೋವಿದ್ದರೆ ಅದು ಬಹುಮಟ್ಟಿಗೆ ಓಟಗಾರರು 'ಶಿನ್ ಸ್ಪ್ಲಿಂಟ್ಸ್' ಎನ್ನುವುದು, ಅಂದರೆ ಮೂಳೆಯ ಹೊರಪದರಕ್ಕೆ ಬಿದ್ದ ಅತಿಭಾರ. ಬದಲಿಗೆ ಒಂದೇ ಜಾಗ, ನಾಣ್ಯದಷ್ಟು, ಅಲ್ಲಿ ಒತ್ತಿದರೆ ಜೀವ ಹೋದಂತಾದರೆ, ಆ ಒಂದೇ ಕಾಲಿನಲ್ಲಿ ಕುಪ್ಪಳಿಸಿದಾಗ ಅಲ್ಲೇ ಚುಚ್ಚಿದರೆ, ಓಡುತ್ತಾ ಹೋದಂತೆ ನೋವು ಏರುತ್ತಿದ್ದರೆ, ರಾತ್ರಿ ಮಲಗಿದಾಗಲೂ ಮಿಡಿಯುತ್ತಿದ್ದರೆ, ಅದನ್ನು ಸ್ಟ್ರೆಸ್ ಫ್ರಾಕ್ಚರ್ (ಪದೇ ಪದೇ ಬಿದ್ದ ಭಾರಕ್ಕೆ ಮೂಳೆಯಲ್ಲಿ ಮೂಡುವ ಸಣ್ಣ ಬಿರುಕು) ಎಂದೇ ತಿಳಿದು ಮೂಳೆ ವೈದ್ಯರ ಬಳಿ ಹೋಗಿ. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಹೋಗುವುದು ಮಾಮೂಲು. 'ಎಕ್ಸ್‌ರೇ ಸರಿಯಿದೆ, ಓಡಬಹುದು' ಎಂದು ನೀವೇ ತೀರ್ಮಾನಿಸಬೇಡಿ. ಅನುಮಾನ ಉಳಿದರೆ ಎಂಆರ್‌ಐ ಬೇಕಾಗುತ್ತದೆ. ಮೂಳೆಯ ಮುಂಭಾಗದ ಚೂಪು ಅಂಚಿನ ನಡುವೆ ನೋವಿದ್ದರೆ ಇನ್ನೂ ಎಚ್ಚರ. ಅಲ್ಲಿಯ ಬಿರುಕು ಸುಲಭಕ್ಕೆ ಕೂಡುವುದಿಲ್ಲ, ಪೂರ್ತಿ ಮುರಿಯುವ ಅಪಾಯವೂ ಇದೆ.

ನೀವು ಬರೆದಿರುವ ಲಕ್ಷಣ (ಆರಂಭದಲ್ಲಿ ಇದ್ದು, ಬಿಸಿಯಾದ ಮೇಲೆ ಇಳಿಯುವುದು) ಮೊದಲನೆಯ ಬಗೆಗೆ ಹತ್ತಿರವಿದೆ. ಆದರೆ ಬಿಸಿಯಾದ ಮೇಲೆ ಇಳಿಯಿತು ಎಂಬುದು ಓಡಲು ಪರವಾನಗಿ ಅಲ್ಲ. ಇವತ್ತಿನ ಅತಿಭಾರ ನಾಳೆಯ ಬಿರುಕಾಗುವುದು ಹೀಗೆ ತಳ್ಳಿಕೊಂಡು ಓಡುವುದರಿಂದಲೇ.

ಮುಂದಿನ ಎರಡು ವಾರ ಓಟ ಬೇಡ. ನೋವಿಲ್ಲದಷ್ಟು ದೂರ ಬಿರುಸಾಗಿ ನಡೆಯಿರಿ. ದಮ್ಮು ಉಳಿಸಿಕೊಳ್ಳಲು ಸೈಕಲ್ ಅಥವಾ ಈಜು, ವಾರಕ್ಕೆ ಮೂರು ಸಲ 40 ನಿಮಿಷ. 45 ನಿಮಿಷದ ನಡಿಗೆ ಮೂರು ದಿನ ನೋವಿಲ್ಲದೆ ಆಗಬೇಕು, ಒತ್ತಿದರೆ ನೋವಿರಬಾರದು, ಒಂಟಿ ಕಾಲಿನಲ್ಲಿ ಹತ್ತು ಸಲ ಕುಪ್ಪಳಿಸಿದರೂ ಏನೂ ಆಗಬಾರದು. ಈ ಮೂರೂ ಆದ ಮೇಲೆ ಓಟ. ಎರಡು ವಾರಕ್ಕೆ ಆಗದಿದ್ದರೆ ಮೂರು ವಾರ. ನಾಲ್ಕಕ್ಕೂ ಆಗದಿದ್ದರೆ ವೈದ್ಯರಿಗೆ ತೋರಿಸಿ.

ಮೀನಖಂಡವನ್ನು ಮರೆಯಬೇಡಿ

ಕಣಕಾಲು ವಾಸಿಯಾಗಿ ಓಟ ಹದಕ್ಕೆ ಬರುತ್ತಿರುವಾಗ 40 ದಾಟಿದವರನ್ನು ಕೆಡವುವುದು ಮೀನಖಂಡ. ಸ್ವಲ್ಪ ವೇಗ ಹೆಚ್ಚಿಸಿದ ದಿನ, ಯಾರೋ ಹಿಂದಿನಿಂದ ಕಲ್ಲು ಹೊಡೆದಂತೆ ಚಟ್ ಎಂದು ಹಿಡಿಯುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಅಷ್ಟಾದರೆ ಆರು ವಾರ ಹೋಯಿತು. ಓಟದಲ್ಲಿ ಮೀನಖಂಡದ ಒಳಸ್ನಾಯು ಮತ್ತು ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜು ದೇಹದ ತೂಕದ ಆರೇಳು ಪಟ್ಟು ಭಾರ ಹೊರುತ್ತವೆ. ವಯಸ್ಸಿನೊಂದಿಗೆ ಮೊದಲು ಬಲ ಕುಗ್ಗುವುದೂ ಇಲ್ಲಿಯೇ. ನಿಮ್ಮ ಹಳೆಯ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇದ್ದಿರಲಿಕ್ಕಿಲ್ಲ. ಆಗ ಬೇಕಿರಲಿಲ್ಲ, ಈಗ ಬೇಕು.

ಗೋಡೆಗೆ ಬೆರಳು ತಾಗಿಸಿ, ಒಂಟಿ ಕಾಲಿನ ಮೇಲೆ ನಿಂತು, ಮಂಡಿ ನೆಟ್ಟಗಿಟ್ಟು, ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಿ. ಎರಡು ಸೆಕೆಂಡಿಗೆ ಒಂದು. ಆರೋಗ್ಯವಂತ ಕಾಲು ಇಪ್ಪತ್ತರ ಮೇಲೆ ಮಾಡಬೇಕು. 12ಕ್ಕೇ ಎತ್ತರ ಇಳಿದರೆ, ಅಥವಾ ಎಡಕ್ಕೂ ಬಲಕ್ಕೂ ಐದಾರರ ವ್ಯತ್ಯಾಸ ಬಂದರೆ, ಅಲ್ಲಿ ಕೆಲಸವಿದೆ ಎಂದು ತಿಳಿಯಿರಿ.

ಈಗ ಓಟವಿಲ್ಲದ ಎರಡು ವಾರದಿಂದಲೇ, ನೋವು ಕೆರಳದಿದ್ದರೆ, ದಿನ ಬಿಟ್ಟು ದಿನ ಹೀಗೆ ಮಾಡಿ: ಮೆಟ್ಟಿಲಿನ ಅಂಚಿನ ಮೇಲೆ ಮುಂಗಾಲಿಟ್ಟು ನಿಂತು, ಎರಡು ಕಾಲಿನಿಂದ ಏರಿ ಒಂದು ಕಾಲಿನಿಂದ ಮೂರು ಎಣಿಕೆಗೆ ಇಳಿಯುವುದು, 12ರಂತೆ ಮೂರು ಸುತ್ತು. ಆಮೇಲೆ ಅದನ್ನೇ ಮಂಡಿ ತುಸು ಬಗ್ಗಿಸಿ ಇನ್ನು ಮೂರು ಸುತ್ತು. ಬಗ್ಗಿಸಿದಾಗ ಕೆಲಸ ಒಳಸ್ನಾಯುವಿಗೆ ಬೀಳುತ್ತದೆ, ಓಟದಲ್ಲಿ ಹೆಚ್ಚು ದುಡಿಯುವುದು ಅದೇ. 15 ಸುಲಭವಾದಾಗ ಒಂದೇ ಕಾಲಿನಿಂದ ಏರಿ. ಅದೂ ಸುಲಭವಾದಾಗ ಬೆನ್ನಿಗೆ 5 ಕಿಲೋ ತುಂಬಿದ ಚೀಲ. ಜೊತೆಗೆ ಸ್ಕ್ವಾಟ್, ಮತ್ತು ಪಕ್ಕಕ್ಕೆ ಮಲಗಿ ಕಾಲೆತ್ತುವ ವ್ಯಾಯಾಮ ವಾರಕ್ಕೆ ಎರಡು ದಿನ ಸಾಕು. ಇದನ್ನು ಓಟದ ವಾರದವರೆಗೂ ಬಿಡಬೇಡಿ. ಎಲ್ಲರೂ ಓಟ ಸರಾಗವಾದ ತಕ್ಷಣ ಮೊದಲು ಬಿಡುವುದು ಇದನ್ನೇ.

ಒಂದು ಎಚ್ಚರಿಕೆ. ಪೆಟ್ಟೇನೂ ಆಗದೆ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ಸ್ನಾಯು ಸೆಳೆತ ಎಂದು ಉಜ್ಜುತ್ತಾ ಕೂರಬೇಡಿ, ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದಿರಬಹುದು. ಅಂದೇ ವೈದ್ಯರ ಬಳಿ ಹೋಗಿ.

ಹೃದಯ

ನೀವು ಕೇಳಿದ್ದು ಒಳ್ಳೆಯದಾಯಿತು. ರಸ್ತೆ ಓಟಗಳಲ್ಲಿ ಹೃದಯ ನಿಲ್ಲುವುದು ಬಹಳ ಅಪರೂಪ. ಅಮೆರಿಕದ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್‌ಗಳಲ್ಲಿ 2000ರಿಂದ 2010ರವರೆಗೆ ಓಡಿದ 1.09 ಕೋಟಿ ಮಂದಿಯಲ್ಲಿ 59 ಮಂದಿಗೆ ಹಾಗಾಗಿತ್ತು. ಆದರೆ ಅಪರೂಪ ಎನ್ನುವ ಮಾತು ಎಲ್ಲರಿಗೂ ಸಮನಾಗಿ ಹೊಂದುವುದಿಲ್ಲ. 35 ದಾಟಿದವರಲ್ಲಿ ಇದರ ಮುಖ್ಯ ಕಾರಣ ಹೃದಯದ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡಿರುವುದು. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕೆ ಮುಂಚೆ ಹೃದಯಾಘಾತವಾಗಿದ್ದರೆ ಅದನ್ನು ನಾವು ಅಪಾಯದ ಅಂಶವೆಂದೇ ಎಣಿಸುತ್ತೇವೆ. ನಿಮ್ಮ ತಂದೆಗೆ 53.

ಆದ್ದರಿಂದ ಓಟ ಮತ್ತೆ ಶುರುಮಾಡುವ ಮುಂಚೆ, ಹೇಗೂ ಬಿಡುವಿರುವ ಈ ಎರಡು ವಾರದಲ್ಲಿ, ವೈದ್ಯರನ್ನು ಕಂಡು ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆ, ಇಸಿಜಿ ನೋಡಿಸಿ. ತಂದೆಯ ವಿಷಯ ಹೇಳಿ, ಸ್ಪರ್ಧೆಯಲ್ಲಿ ಓಡುವವನಿದ್ದೇನೆ ಎಂದೂ ಹೇಳಿ. 'ವಾಕಿಂಗ್ ಮಾಡುತ್ತೇನೆ' ಎಂದು ಹೇಳಿದರೆ ಸಿಗುವ ಸಲಹೆ ಬೇರೆಯಾಗಿರುತ್ತದೆ. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ಇವೆಲ್ಲ ನೋಡಿ ಅವರು ತೀರ್ಮಾನಿಸಲಿ. ನಿಮ್ಮ ಹಿನ್ನೆಲೆಗೆ ಮಾಡಿಸುವುದೇ ಮೇಲು ಎಂದು ನನ್ನ ಅನಿಸಿಕೆ. ಆದರೆ ಅದರ ಮಿತಿಯೂ ಗೊತ್ತಿರಲಿ. ರಕ್ತದ ಹರಿವಿಗೆ ಅಡ್ಡಿಯಾಗುವಷ್ಟು ದೊಡ್ಡ ತಡೆ ಇದ್ದರೆ ಅದು ತೋರಿಸಬಲ್ಲದು. ಸಣ್ಣ ಕೊಬ್ಬಿನ ಗಂಟು ಒಡೆದು ಆಗುವ ಹೃದಯಾಘಾತವನ್ನು ಮುಂಚೆ ಹೇಳಲಾರದು. ಹಾಗಾಗಿ ವರದಿ ಚೆನ್ನಾಗಿದ್ದರೂ ಈ ಲಕ್ಷಣಗಳನ್ನು ಕಡೆಗಣಿಸಬೇಡಿ: ಓಡುವಾಗ ಎದೆ, ದವಡೆ, ಎಡತೋಳಿನಲ್ಲಿ ಬಿಗಿತ, ನಿಂತರೆ ಹೋಗುವ ಎದೆಯುರಿ, ಆ ವೇಗಕ್ಕೆ ತಕ್ಕುದಲ್ಲದ ಉಸಿರುಕಟ್ಟುವಿಕೆ, ಓಡುತ್ತಿರುವಾಗಲೇ ಕಣ್ಣು ಕತ್ತಲೆ. ಯಾವುದು ಬಂದರೂ ಓಟ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ವೈದ್ಯರ ಬಳಿ ಹೋಗಿ, ಅವರು ನೋಡುವವರೆಗೆ ಮತ್ತೆ ಓಡಬೇಡಿ. ಜ್ವರ ಇದ್ದಾಗ, ಜ್ವರ ಬಿಟ್ಟ ಮೊದಲ ದಿನಗಳಲ್ಲಿ ಓಡಲೇಬೇಡಿ. ವೈರಸ್ ಹೃದಯದ ಸ್ನಾಯುವನ್ನು ಹಿಡಿದಿದ್ದರೆ ಶ್ರಮ ಅಪಾಯಕ್ಕೆ ದಾರಿ.

ಹೃದಯ ಬಡಿತದ ಗಡಿಯಾರ ನೋಡಿ ಓಡುವುದಾದರೆ, ಹಳೆಯ ಡೈರಿಯ ಅಂಕಿ ಬೇಡ. '220ರಿಂದ ವಯಸ್ಸು ಕಳೆ' ಎಂಬ ಸೂತ್ರ ನಿಮಗೆ 174 ಎನ್ನುತ್ತದೆ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದರಲ್ಲಿ ಹತ್ತು ಹನ್ನೆರಡು ಬಡಿತ ಹೆಚ್ಚುಕಡಿಮೆ ಸಾಮಾನ್ಯ. ಸುಲಭ ಓಟಕ್ಕೆ ಮಾತೇ ಒಳ್ಳೆಯ ಅಳತೆ: ಪಕ್ಕದಲ್ಲಿ ಓಡುವವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು. ಎರಡು ಪದಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದರೆ ಅದು ಸುಲಭ ಓಟವಲ್ಲ.

ಮಂಡಿಯ ವಿಷಯಕ್ಕೆ ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ನೋಡಿದಾಗ, ಸೊಂಟ ಮತ್ತು ಮಂಡಿ ಸವೆತ ಹವ್ಯಾಸಿ ಓಟಗಾರರಲ್ಲಿ ಶೇ 3.5, ಓಡದೆ ಕೂತಿರುವವರಲ್ಲಿ ಶೇ 10.2 ಇತ್ತು. ವೃತ್ತಿಮಟ್ಟದ ಸ್ಪರ್ಧಿಗಳಲ್ಲಿ ಮಾತ್ರ ಶೇ 13.3. ಮಂಡಿಗೆ ಹಿಂದೆ ಪೆಟ್ಟು, ಶಸ್ತ್ರಚಿಕಿತ್ಸೆ ಆಗಿದ್ದರೆ ಮಾತು ಬೇರೆ; ನೀವು ಅಂಥದ್ದೇನೂ ಬರೆದಿಲ್ಲ. ಮಂಡಿಯ ಭಾರ ಇಳಿಸಬೇಕೆನಿಸಿದರೆ ಹೆಜ್ಜೆ ಚಿಕ್ಕದು ಮಾಡಿ. ಅದೇ ವೇಗದಲ್ಲಿ ನಿಮಿಷಕ್ಕೆ 160 ಹೆಜ್ಜೆ ಇರುವುದನ್ನು 168–170ಕ್ಕೆ ತಂದರೆ ಮಂಡಿಗೂ ಕಣಕಾಲಿಗೂ ಹಗುರ.

ಶೂ

ಡಬ್ಬಿಯಲ್ಲಿದ್ದ ಶೂ ಹೊಸದರಂತೆ ಕಂಡರೂ ಅದಕ್ಕೂ 13 ವರ್ಷ ಆಗಿದೆ. ಫೋಮ್ ಗಡುಸಾಗಿರುತ್ತದೆ, ಅಂಟು ಒಣಗಿರುತ್ತದೆ. ಮೂರು ನಾಲ್ಕು ಕಿ.ಮೀ.ಗೆ ತಳವೇ ಬಾಯಿಬಿಡುವುದುಂಟು. ಹೆಬ್ಬೆರಳಿನಿಂದ ನಡುವಿನ ಫೋಮ್ ಒತ್ತಿ ನೋಡಿ, ಹೊಸ ಶೂವಿನ ಪಕ್ಕದಲ್ಲಿ ವ್ಯತ್ಯಾಸ ತಾನೇ ಗೊತ್ತಾಗುತ್ತದೆ. ಪಾದವೂ ಅಷ್ಟರಲ್ಲಿ ಅಗಲವಾಗಿರಬಹುದು, ಹಳೆಯ ಸೈಜ್ ನಂಬದೆ ಸಂಜೆ ಹೊತ್ತು ನಿಂತು ಅಳೆಯಿಸಿ. ಹಿಮ್ಮಡಿ ಮುಂಗಾಲಿಗಿಂತ 8–10 ಮಿ.ಮೀ. ಎತ್ತರವಿರುವ, ದಿನದ ಓಟಕ್ಕೆ ಮಾಡಿದ ಸಾಧಾರಣ ಶೂ ಸಾಕು. ಆ ಎತ್ತರ ಮೀನಖಂಡದ ಭಾರ ಇಳಿಸುತ್ತದೆ.

ಕಾರ್ಬನ್ ಪ್ಲೇಟ್ ಶೂ ಈ ಓಟಕ್ಕೆ ಬೇಡ. ಅವು ವೇಗ ಕೊಡುವುದು ನಿಜ. ರಸ್ತೆ ಸ್ಪರ್ಧೆಗಳಿಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ತಳದ ದಪ್ಪಕ್ಕೆ 40 ಮಿ.ಮೀ. ಮಿತಿ ಹಾಕಿದ್ದೂ ಆ ಕಾರಣಕ್ಕೇ. ಆದರೆ ಆ ಗಡುಸು ಪ್ಲೇಟ್ ಭಾರವನ್ನು ಪಾದದ ಬೇರೆ ಮೂಳೆಗಳ ಮೇಲೆ ಸರಿಸುತ್ತದೆ, ಅಲ್ಲಿ ಒತ್ತಡದ ಗಾಯಗಳಾದ ಪ್ರಕರಣಗಳು ವರದಿಯಾಗಿವೆ. ಮೂಳೆ ಮರುಕಟ್ಟಿಕೊಳ್ಳುತ್ತಿರುವ ಹೊತ್ತಿನಲ್ಲಿ ಭಾರದ ದಾರಿ ಬದಲಿಸುವುದು ಬುದ್ಧಿವಂತಿಕೆಯಲ್ಲ.

ಹದಿನಾರು ವಾರವನ್ನು ಹೀಗೆ ಹಂಚಿಕೊಳ್ಳಿ

ಮೊದಲ ಎರಡು ವಾರದ ಮಾತು ಆಯಿತು. ಮೂರರಿಂದ ಆರನೇ ವಾರದವರೆಗೆ ನಡಿಗೆ-ಓಟ, ವಾರಕ್ಕೆ ಮೂರೇ ದಿನ, ನಡುವೆ ಒಂದು ದಿನ ಖಾಲಿ. ಮೊದಲು 1 ನಿಮಿಷ ಓಟ 2 ನಿಮಿಷ ನಡಿಗೆ, ಹತ್ತು ಸಲ. ಮುಂದಿನ ವಾರ 2 ನಿಮಿಷ ಓಟ 1 ನಿಮಿಷ ನಡಿಗೆ, ಹತ್ತು ಸಲ. ಆಮೇಲೆ 4 ಮತ್ತು 1, ಆರು ಸಲ. ಆರನೇ ವಾರ 8 ಮತ್ತು 2, ಮೂರು ಸಲ. 39 ನಿಮಿಷದಲ್ಲಿ 10 ಕಿ.ಮೀ. ಓಡಿದವರಿಗೆ ರಸ್ತೆಯಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವುದು ಮನಸ್ಸಿಗೆ ಕಷ್ಟವಾಗುತ್ತದೆ, ನನಗೆ ಗೊತ್ತು. ಈ ನಾಲ್ಕು ವಾರ ದಮ್ಮಿಗಾಗಿ ಅಲ್ಲ, ಮೂಳೆಗಾಗಿ. ದಮ್ಮು ಸಾಲದೆನಿಸಿದರೆ ಉಳಿದ ದಿನ ಸೈಕಲ್ ತುಳಿಯಿರಿ.

ಏಳರಿಂದ ಹತ್ತನೇ ವಾರ: 25 ನಿಮಿಷದ ಬಿಡದ ಓಟದಿಂದ ಶುರು. ವಾರಕ್ಕೆ ಒಂದು ಓಟ ಮಾತ್ರ ಉದ್ದವಾಗುತ್ತಾ 30, 40, 50 ನಿಮಿಷಕ್ಕೆ ಹೋಗಲಿ. ನೋವಿಲ್ಲದಿದ್ದರೆ ಒಂಬತ್ತನೇ ವಾರದಿಂದ ನಾಲ್ಕನೇ ದಿನ ಸೇರಿಸಿ. 'ವಾರಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಡ' ಎಂಬ ಮಾತು ನೀವು ಕೇಳಿರುತ್ತೀರಿ. ಅದನ್ನು ಹೊಸ ಓಟಗಾರರ ಮೇಲೆ ಪರೀಕ್ಷಿಸಿದಾಗ ಗಾಯಗಳೇನೂ ಕಡಿಮೆಯಾಗಲಿಲ್ಲ, ಹಾಗಾಗಿ ಅದನ್ನು ಮಂತ್ರದಂತೆ ಹಿಡಿಯಬೇಕಿಲ್ಲ. ಒಂದೇ ದಿನದಲ್ಲಿ ಮಾಡುವ ದೊಡ್ಡ ನೆಗೆತಕ್ಕೆ ಹೆದರಿ. ಕಳೆದ ತಿಂಗಳು ಓಡಿದ ಅತಿ ಉದ್ದದ ಓಟ 6 ಕಿ.ಮೀ. ಆಗಿದ್ದರೆ, ಗೆಳೆಯರ ಜೊತೆ ಹುರುಪಿನಲ್ಲಿ 10ಕ್ಕೆ ಹೋಗುವ ಭಾನುವಾರ ಇದೆಯಲ್ಲ, ಗಾಯ ಆಗುವುದು ಅಂದು.

ಹನ್ನೊಂದರಿಂದ ಹದಿನಾಲ್ಕು: ಉದ್ದದ ಓಟ 60–70 ನಿಮಿಷ. ವಾರಕ್ಕೆ ಒಂದೇ ದಿನ ವೇಗ. ಮೊದಲ ವಾರ ಸುಲಭ ಓಟದ ಕೊನೆಯಲ್ಲಿ 20 ಸೆಕೆಂಡಿನ ಬಿರುಸು ಓಟ ಐದು ಸಲ, ಪೂರ್ತಿ ವೇಗದಲ್ಲಲ್ಲ. ಮುಂದಿನ ವಾರ ಸ್ಪರ್ಧೆಯ ಶ್ರಮದಲ್ಲಿ 2 ನಿಮಿಷ ಐದು ಸಲ, ನಡುವೆ 2 ನಿಮಿಷ ನಿಧಾನ. ಹದಿಮೂರನೇ ವಾರ ವೇಗದ ದಿನದ ಬದಲು, 15 ನಿಮಿಷ ಮೈ ಬಿಸಿ ಮಾಡಿಕೊಂಡು, 5 ಕಿ.ಮೀ. ಗಡಿಯಾರ ಹಿಡಿದು ಓಡಿ ಸಮಯ ಬರೆದಿಟ್ಟುಕೊಳ್ಳಿ. ಹದಿನಾಲ್ಕರಲ್ಲಿ 8 ನಿಮಿಷದ್ದು ಮೂರು. ಹದಿನೈದರಲ್ಲಿ ಓಟದ ಪ್ರಮಾಣ ಮುಕ್ಕಾಲಿಗೆ, ಹದಿನಾರರಲ್ಲಿ ಅರ್ಧಕ್ಕೆ ಇಳಿಸಿ. ಬಿರುಸು ಓಟದ ತುಣುಕುಗಳನ್ನು ಮಾತ್ರ ಉಳಿಸಿಕೊಳ್ಳಿ.

ಕಣಕಾಲು ಮೂರನೆಯ ವಾರ ಕೇಳುತ್ತಿದ್ದರೆ ಎಲ್ಲವನ್ನೂ ಒಂದು ವಾರ ಮುಂದಕ್ಕೆ ಹಾಕಿ, ವೇಗದ ವಾರಗಳಲ್ಲಿ ಒಂದನ್ನು ಬಿಡಿ. ನಡಿಗೆ-ಓಟದ ವಾರಗಳನ್ನು ಕತ್ತರಿಸಬೇಡಿ. ಸ್ಟ್ರೆಸ್ ಫ್ರಾಕ್ಚರ್ ಎಂದು ತಿಳಿದರೆ ಈ ಓಟ ಬಿಟ್ಟುಬಿಡಿ. ಅದಕ್ಕೆ ಬೇರೆ ಆಯ್ಕೆಯಿಲ್ಲ.

45 ನಿಮಿಷ?

ಈ ಸಲ ಇಲ್ಲ. 45 ಅಂದರೆ ಕಿ.ಮೀ.ಗೆ 4 ನಿಮಿಷ 30 ಸೆಕೆಂಡು. ಆ ವೇಗವನ್ನು 10 ಕಿ.ಮೀ. ಹೊರುವ ಕಾಲು 16 ವಾರದಲ್ಲಿ ಆಗುವುದಿಲ್ಲ. ಬಲವಂತ ಮಾಡಿದರೆ ವೇಗದ ಅಭ್ಯಾಸ ಮೂಳೆಗಿಂತ ಮುಂದೆ ಹೋಗುತ್ತದೆ. ಗುರಿಯನ್ನು 28ರ ಸಮಯದಿಂದ ಕೆಳಕ್ಕೆ ಇಳಿಸುತ್ತಾ ಬರಬೇಡಿ, 5 ಕಿ.ಮೀ. ಪರೀಕ್ಷೆಯಿಂದ ಮೇಲಕ್ಕೆ ಕಟ್ಟಿ. ಒಂದು ದೂರದ ಸಮಯದಿಂದ ಇನ್ನೊಂದರದ್ದನ್ನು ಅಂದಾಜಿಸಲು ಅಮೆರಿಕದ ಎಂಜಿನಿಯರ್ ಪೀಟ್ ರೀಗಲ್ ಕೊಟ್ಟ ಸೂತ್ರದಂತೆ ದೂರ ಇಮ್ಮಡಿಯಾದಾಗ ಸಮಯವನ್ನು 2.085ರಿಂದ ಗುಣಿಸಬೇಕು. 5 ಕಿ.ಮೀ. 27 ನಿಮಿಷಕ್ಕೆ ಮುಗಿದರೆ 10ಕ್ಕೆ 56 ನಿಮಿಷ 18 ಸೆಕೆಂಡು. ಉದ್ದದ ಓಟದ ಬಲ ಪೂರ್ತಿ ಇರುವವರಿಗೆ ಈ ಲೆಕ್ಕ. ಬಿಟ್ಟು ಬಂದವರು ಒಂದು ನಿಮಿಷ ಸೇರಿಸಿಕೊಳ್ಳಬೇಕು. ಆಗ ಕಿ.ಮೀ.ಗೆ ಸುಮಾರು 5 ನಿಮಿಷ 45 ಸೆಕೆಂಡು. ನಿಮ್ಮನ್ನು ನಿಮ್ಮ ಹಳೆಯ ಓಟಕ್ಕೇ ಹೋಲಿಸಲೇಬೇಕು ಅನಿಸಿದರೆ, 35 ದಾಟಿದವರಿಗಾಗಿ ಇರುವ ಮಾಸ್ಟರ್ಸ್ ಅಥ್ಲೆಟಿಕ್ಸ್‌ನ ವಯೋಮಾನದ ಕೋಷ್ಟಕಗಳನ್ನು ನೋಡಿ. 46ರ ಸಮಯವೂ 28ರ ಸಮಯವೂ ಅಲ್ಲಿ ಒಂದೇ ತಕ್ಕಡಿಯಲ್ಲಿ ಕೂರುತ್ತವೆ.

ಓಟದ ದಿನ ಹಳೆಯ ಸ್ಪರ್ಧಿಗಳು ತಪ್ಪುವುದು ಮೊದಲ ಕಿ.ಮೀ.ನಲ್ಲಿ. ಎದೆಗೆ ನಂಬರ್ ಚುಚ್ಚಿಕೊಂಡ ಕ್ಷಣ ಮೈಗೆ ಹಳೆಯದೆಲ್ಲ ನೆನಪಾಗುತ್ತದೆ, 4 ನಿಮಿಷ 40ರ ವೇಗ ಹಗುರವೆನಿಸುತ್ತದೆ. ಅದರ ಸಾಲ ಏಳನೇ ಕಿ.ಮೀ.ನಲ್ಲಿ ತೀರಿಸಬೇಕಾಗುತ್ತದೆ. ನಿಮ್ಮ ವೇಗದವರ ಜೊತೆ ಹಿಂದೆ ನಿಲ್ಲಿ. ಈಗ ನಂಬರಿನಲ್ಲೇ ಸಮಯ ಅಳೆಯುವ ಚಿಪ್ ಇರುತ್ತದೆ. ನೀವು ಗೆರೆ ದಾಟಿದ ಮೇಲೆಯೇ ನಿಮ್ಮ ಸಮಯ ಶುರು, ಮುಂದೆ ನುಗ್ಗಿ ನಿಲ್ಲುವ ಅಗತ್ಯವಿಲ್ಲ. ಮೊದಲ ಎರಡು ಕಿ.ಮೀ. 5 ನಿಮಿಷ 55ಕ್ಕೆ ಓಡಿ, ಎಂಟರವರೆಗೆ 5 ನಿಮಿಷ 45, ಉಳಿದಿದ್ದರೆ ಕೊನೆಯ ಎರಡಕ್ಕೆ ಬಿಚ್ಚಿಕೊಳ್ಳಿ.

ಕೈಯಲ್ಲಿರುವ ಜಿಪಿಎಸ್ ಗಡಿಯಾರದ ವೇಗವನ್ನು ಪೂರ್ತಿ ನಂಬಬೇಡಿ. ನೀವು ಬಿಟ್ಟಾಗ ಅದು ಇಷ್ಟು ಬಳಕೆಯಲ್ಲಿರಲಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಪ್ರಮಾಣಿತ ಮಾರ್ಗವನ್ನು ಸೈಕಲ್ ಚಕ್ರಕ್ಕೆ ಎಣಿಕೆಯಂತ್ರ ಕಟ್ಟಿ, ತಿರುವುಗಳ ಒಳ ಅಂಚಿನಿಂದ ಹತ್ತಿರದ ದಾರಿ ಹಿಡಿದು ಅಳೆಯುತ್ತಾರೆ. ದೂರ ಕಡಿಮೆಯಾಗದಿರಲಿ ಎಂದು 10 ಕಿ.ಮೀ.ಗೆ 10 ಮೀಟರ್ ಹೆಚ್ಚೇ ಇಡುತ್ತಾರೆ. ಜನರ ನಡುವೆ ಆಚೀಚೆ ಸರಿದು ಓಡುವ ನಿಮ್ಮ ಗಡಿಯಾರ ಕೊನೆಗೆ 10.15 ಎಂದೋ 10.2 ಎಂದೋ ತೋರಿಸುತ್ತದೆ. ಅಂದರೆ ಅದು ಹೇಳುವ 5.45 ನಿಜವಾಗಿ 5.50ಕ್ಕೂ ನಿಧಾನ. ರಸ್ತೆ ಬದಿಯ ಕಿ.ಮೀ. ಫಲಕದ ಬಳಿ ಸಮಯ ನೋಡಿಕೊಳ್ಳುವ ನಿಮ್ಮ ಹಳೆಯ ಅಭ್ಯಾಸವೇ ಇಲ್ಲಿ ಸರಿ.

ಒಂದು ತಾಸಿನ ಓಟಕ್ಕೆ ವಿಶೇಷ ಆಹಾರದ ತಯಾರಿ ಬೇಕಿಲ್ಲ. ರೂಢಿಯ ತಿಂಡಿಯನ್ನು ಎರಡು ಮೂರು ತಾಸು ಮುಂಚೆ ತಿಂದರೆ ಸಾಕು. ಬಾಯಾರಿದಷ್ಟು ಕುಡಿಯಿರಿ, ದಾರಿಯಲ್ಲಿ ನೀರಿಟ್ಟಿರುವ ಪ್ರತಿ ಮೇಜಿನಲ್ಲೂ ಕುಡಿಯಲೇಬೇಕೆಂದಿಲ್ಲ. ಓಟಕ್ಕೆ ಮುಂಚೆ ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ನುಂಗಬೇಡಿ. ಶ್ರಮ, ಬೆವರಿನ ನಡುವೆ ಅದು ಮೂತ್ರಪಿಂಡಕ್ಕೆ ಭಾರ, ಕಣಕಾಲು ಕೊಡುವ ಎಚ್ಚರಿಕೆಯನ್ನೂ ಮುಚ್ಚಿಹಾಕುತ್ತದೆ. ಗೆರೆಯ ಬಳಿ ನಿಂತು ಸ್ನಾಯು ಎಳೆದು ಹಿಡಿಯುವ ಬದಲು 10 ನಿಮಿಷ ನಿಧಾನ ಓಟ, ಕಾಲು ಬೀಸುವುದು, 15 ಸೆಕೆಂಡಿನ ಮೂರು ಬಿರುಸು ಓಟ ಮಾಡಿ.

ಮುಗಿದ ಮೇಲೆ ತಟ್ಟನೆ ನಿಲ್ಲದೆ ಹತ್ತು ನಿಮಿಷ ನಡೆಯಿರಿ. ಕಾಲಿನಲ್ಲಿ ನಿಂತ ರಕ್ತ ಹೃದಯಕ್ಕೆ ಮರಳದಿದ್ದರೆ ತಲೆ ಸುತ್ತುತ್ತದೆ. ಮುಂದಿನ ಐದು ದಿನ ಓಟವಿಲ್ಲ, ನಡಿಗೆ ಮಾತ್ರ. ಆರನೇ ದಿನ ಕುರ್ಚಿಯಲ್ಲಿ ಕೂತು, ಹೆಬ್ಬೆರಳಿನಿಂದ ಅದೇ ಮೂಳೆಯ ಅಂಚನ್ನು ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಒತ್ತಿ ನೋಡಿ. ಎಲ್ಲೂ ನೋವಿಲ್ಲದಿದ್ದರೆ 20 ನಿಮಿಷ ಓಡಿ. ಮುಂದಿನ ಸ್ಪರ್ಧೆಗೆ ಹೆಸರು ಕೊಡುವುದು ಅದಾದ ಮೇಲೆ.